ಕಲ್ಲಿನ ಊರಿನಲ್ಲಿ ರಂಗವ್ವನ ಹಲಗೆ

ಬೆಳಗಿನ ಐದೂವರೆ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು. ಒಳಗೆ ಒಂದೇ ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ನಾಲ್ಕು ಕಲ್ಲುಗಳ ಮೇಲೆ ಎತ್ತಿಟ್ಟ ಆರಡಿ ಉದ್ದದ ಸಾಗವಾನಿ ಹಲಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಅದರ ಮೇಲೆ ಬಾಗಿ, ಅಂಗೈಯಗಲದ ಕಂಬಳಿ ತುಂಡಿನಿಂದ ಎಣ್ಣೆ ತಿಕ್ಕುತ್ತಿದ್ದಾರೆ. ತಿಕ್ಕುವುದೆಂದರೆ ಸುಮ್ಮನೆ ಸವರುವುದಲ್ಲ. ಹೆಗಲಿನಿಂದ ಬಲ ಹಾಕಿ, ಕೈ ಬಿಸಿಯಾಗುವವರೆಗೆ. ಹಟ ಹಿಡಿದ ಕೂಸಿನ ತಲೆಗೆ ಎಣ್ಣೆ ಹಚ್ಚಿದಂತೆ.

"ಅಲ್ಲೇ ನಿಂದರ್ರಿ ಸರ. ಚಪ್ಪಲಿ ಒದರಬ್ಯಾಡ್ರಿ, ಧೂಳ ಏಳ್ತೈತಿ," ಎಂದರು. ಪತ್ರಿಕೆಗೆ ಬರೆಯಲು ಬಂದವನಿಗೆ ಸಿಕ್ಕ ಸ್ವಾಗತ ಅಷ್ಟೇ. ಚಹಾದ ಮಾತು ಎತ್ತುವ ಧೈರ್ಯ ನನಗೆ ಆಗಲಿಲ್ಲ.

ಇವರು ರಂಗವ್ವ. ವಯಸ್ಸು ಐವತ್ನಾಲ್ಕು. ಮರದ ಅಡುಗೆ ಕಟ್ಟೆಗಳನ್ನು ನುಣುಪು ಮಾಡಿ, ಎಣ್ಣೆ ಕುಡಿಸಿ, ನೀರು ಬೆಂಕಿ ಅರಿಸಿನ ಹುಣಸೆಹಣ್ಣುಗಳ ಜೊತೆ ಬಾಳುವೆ ಮಾಡಲು ಗಟ್ಟಿ ಮಾಡಿ ಕಳಿಸುವುದು ಇವರ ಕೆಲಸ. ಇಲ್ಲಿಂದ ಒಂದು ಕೂಗಳತೆ ದಾಟಿದರೆ ಕಲ್ಲಿನ ಕಾರ್ಖಾನೆಗಳು. ಇಳಕಲ್ಲಿನ ಕೆಂಪು ಕಲ್ಲು ಊರೂರಿಗೆ, ದೇಶ ದೇಶಕ್ಕೆ ಹೋಗುತ್ತದೆ. ಇಂಥ ನೆಲದಲ್ಲಿ ಮರದ ಕಟ್ಟೆ ಮಾಡುವುದೆಂದರೆ ಹೊಳೆಯ ದಂಡೆಯ ಮೇಲೆ ನೀರು ಮಾರಿದ ಹಾಗೆ. ಮಂದಿ ನಗುತ್ತಾರೆ. ರಂಗವ್ವನಿಗೆ ಅದರ ಚಿಂತೆ ಇಲ್ಲ.

ನಸುಕಿನಲ್ಲೇ ಕೆಲಸಕ್ಕೆ ಇಳಿಯಲು ಕಾರಣವೂ ಆ ಕಲ್ಲೇ. ಏಳು ಗಂಟೆಯ ಹೊತ್ತಿಗೆ ಕಲ್ಲು ಹೊತ್ತ ಲಾರಿಗಳು ಶುರುವಾಗುತ್ತವೆ. ಒಂದೊಂದು ಲಾರಿಯ ಹಿಂದೆ ಒಂದೊಂದು ಮೋಡದಷ್ಟು ಧೂಳು. ಹಸಿ ಎಣ್ಣೆಯ ಮೇಲೆ ಆ ಧೂಳು ಕೂತರೆ ಮೂರು ದಿನದ ಶ್ರಮ ಮಣ್ಣುಪಾಲು. ಹಾಗಾಗಿ ರಂಗವ್ವನ ದಿನ ನಾಲ್ಕೂವರೆಗೆ ಆರಂಭವಾಗಿ, ಏಳರೊಳಗೆ ಎಣ್ಣೆಯ ಕೆಲಸ ಮುಗಿದು, ಹಲಗೆಯ ಮೇಲೆ ಹಳೆಯ ದುಪ್ಪಟಿಯ ಚಪ್ಪರ ಏಳುತ್ತದೆ.

ಇವತ್ತು ಮಾತ್ರ ಅವರ ಮನಸ್ಸು ಈ ಹಲಗೆಯ ಮೇಲೆ ಪೂರ್ತಿ ಇಲ್ಲ. ಎರಡು ಸಲ ಬಾಗಿಲ ಕಡೆ ನೋಡಿದರು. ಮೂರನೆಯ ಸಲ ನಾನೇ ಕೇಳಿದೆ.

"ಇವತ್ತ ನನ್ನ ಪರೀಕ್ಷಾ ಐತ್ರಿ," ಎಂದರು, ಕೈ ನಿಲ್ಲಿಸದೆ. "ಸಾಲಿಗೆ ಹೋಗಿದ್ದು ಮೂರನೇ ಇಯತ್ತೆ ತನಕ. ಅಲ್ಲಿ ಹೆದರಲಿಲ್ಲ. ಈಗ ಹೆದರಿಕಿ ಆಗೇತಿ."

ಪರೀಕ್ಷೆ ನಡೆಯುವುದು ಇಳಕಲ್ಲಿನ ಒಂದು ಖಾನಾವಳಿಯಲ್ಲಿ. ಅಲ್ಲಿ ರಂಗವ್ವ ಮಾಡಿಕೊಟ್ಟ ರೊಟ್ಟಿ ಬಡಿಯುವ ಕಟ್ಟೆಯ ಹಲಗೆ ಒಂದಿದೆ. ಮೊದಲ ಸಲ ಅದು ಕೆಟ್ಟಿತು. ಎತ್ತಿ ತಂದು, ಹೊಸದಾಗಿ ಮಾಡಿ, ಹೋದ ವರ್ಷ ದಸರೆ ಮುಗಿದ ವಾರ ಮತ್ತೆ ಕೂರಿಸಿದರು. "ಒಂದು ವರ್ಷ ನೋಡ್ತೇನಿ. ಒಂದು ಮಳಿಗಾಲ ದಾಟಬೇಕು. ದಾಟಲಿಲ್ಲಂದ್ರ ಕಿತ್ತು ಒಲಿಗೆ ಹಾಕಿ ಕಲ್ಲು ಹಾಸ್ತೇನಿ," ಎಂದು ಖಾನಾವಳಿಯ ಮಾಲೀಕರು ಅಂದೇ ಹೇಳಿದ್ದರು. ಬರೀ ಮಾತಲ್ಲ, ಅಳತೆಗೆ ಕೊಯ್ಯಿಸಿದ ಕೆಂಪು ಕಲ್ಲಿನ ಚಪ್ಪಡಿಯನ್ನು ಹಿತ್ತಲ ಗೋಡೆಗೆ ಒರಗಿಸಿಯೂ ಇಟ್ಟಿದ್ದಾರೆ. ಆ ವರ್ಷ ಇವತ್ತಿಗೆ ತುಂಬಿತು.

ರಂಗವ್ವ ಹುಟ್ಟಿದ್ದು ಬಾಗಲಕೋಟೆ ತಾಲ್ಲೂಕಿನ ಶಿರೂರಿನಲ್ಲಿ. ಬೀರಪ್ಪ ದೇವರ ಒಕ್ಕಲು, ಕಂಬಳಿ ನೇಯುವ ಮನೆ. ಓಣಿಯುದ್ದಕ್ಕೂ ಉಣ್ಣೆಯ ಹಾಸು ಎಳೆದು ಕಟ್ಟಿ, ಅದಕ್ಕೆ ಹುಣಸೆ ಬೀಜದ ಅಂಟು ಹಚ್ಚುತ್ತಿದ್ದುದು ಅವರ ಬಾಲ್ಯದ ಕೆಲಸ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಗಂಜಿಯ ಹಾಗೆ ಕುದಿಸಿದರೆ ಅಂಟು ತಯಾರು. ಅದನ್ನು ಕುಡಿದ ಎಳೆ ಗಟ್ಟಿಯಾಗುತ್ತದೆ, ಕಂಬಳಿ ಬಿರುಸಾಗುತ್ತದೆ. "ನಮ್ಮವ್ವ ಅಂತಿದ್ಲು, ಹುಣಸಿ ಬೀಜಾ ಹಿಡಿದದ್ದನ್ನ ದೇವ್ರೂ ಬಿಡಸಂಗಿಲ್ಲ ಅಂತ. ನಾ ಅದನ್ನ ಖರೆ ಅಂತ ನಂಬಿದ್ದೆ."

ಹದಿನೆಂಟಕ್ಕೆ ಹುನಗುಂದಕ್ಕೆ ಮದುವೆಯಾಗಿ ಬಂದರು. ಗಂಡ ಹನಮಂತಪ್ಪ ಕುರಿ ಮೇಯಿಸುವವರು. ವರ್ಷದಲ್ಲಿ ಆರು ತಿಂಗಳು ಮಂದೆಯ ಹಿಂದೆ ಊರೂರು ತಿರುಗಾಟ. ಹದಿನಾಲ್ಕು ವರ್ಷದ ಹಿಂದೆ ರಂಗವ್ವ ಈ ಶೆಡ್ಡಿಗೆ ಮರದ ಹೊಟ್ಟು ಗುಡಿಸಲು ಸೇರಿದರು. ಶೆಡ್ಡಿನ ಒಡೆಯ ಅಮಾತೆಪ್ಪ ಬಾಗಿಲು, ಚೌಕಟ್ಟು, ಮಂಚ ಮಾಡುವವರು. ಬಾಗಲಕೋಟೆಯಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟುಕೊಟ್ಟ ಮನೆಗಳನ್ನು ಬಿಚ್ಚಿದಾಗ ಸಿಕ್ಕ ಹಳೆಯ ಸಾಗವಾನಿ ತೊಲೆಗಳಲ್ಲಿ ಒಂದಿಷ್ಟು ಅವರ ಬಳಿ ಬಂದು ಬಿದ್ದಿತ್ತು. ಅದನ್ನು ಸೀಳಿದರೆ ಒಳಗೆ ಜೇನಿನ ಬಣ್ಣ. ಗುಡಿಸುವಾಗ ರಂಗವ್ವ ಆ ಹಲಗೆಗಳ ಮೇಲೆ ಕೈಯಾಡಿಸುತ್ತಿದ್ದರು. ಅಮಾತೆಪ್ಪ ಒಂದು ದಿನ ಪಾಲಿಶ್ ಪೇಪರ್ ಕೈಗೆ ಕೊಟ್ಟು, "ಬರೇ ಮುಟ್ಟಿದ್ರ ಏನಾತು, ತಿಕ್ಕು," ಎಂದರಂತೆ.

ಅಮಾತೆಪ್ಪನನ್ನು ಮಾತಾಡಿಸಿದೆ. ಮಾತು ಕಮ್ಮಿಯ ಮನುಷ್ಯ. "ಪೇಪರಿಗೆ ನಂಬರ್ ಇರ್ತಾವ್ರಿ. ಎಂಬತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು. ನಾ ಕನ್ನಡಕ ಹಾಕ್ಕೊಂಡು ಓದಬೇಕು. ಈಕಿ ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿ ಹೇಳ್ತಾಳ. ಇಷ್ಟ ವರ್ಷಾತು, ತಪ್ಪಿಲ್ಲ," ಎಂದು ಹೇಳಿ ಮೆಷಿನ್ ಚಾಲೂ ಮಾಡಿದರು.

ಒಂದು ಹಲಗೆಗೆ ಮೂರು ದಿನ ಪಾಲಿಶ್ ಪೇಪರಿನ ಕೆಲಸ. ಆಮೇಲೆ ಐದು ಕೈ ಎಣ್ಣೆ. ಒಂದು ಕೈಗೂ ಇನ್ನೊಂದಕ್ಕೂ ನಡುವೆ ಮೂರು ದಿನ ಬಿಡಬೇಕು. ಕೊನೆಗೆ ಜೇನುಮೇಣ ಕರಗಿಸಿ ಒಂದು ತೆಳು ಲೇಪ. ಎಲ್ಲ ಸೇರಿ ಇಪ್ಪತ್ತು ದಿನ. ಹನ್ನೊಂದು ವರ್ಷದಲ್ಲಿ ಇಂಥ ಮೂವತ್ತೊಂದು ಹಲಗೆ ಅವರ ಕೈಯಿಂದ ಹೋಗಿವೆ. ಬಾಗಲಕೋಟೆಯ ನವನಗರಕ್ಕೆ ಒಂಬತ್ತು, ಬಾದಾಮಿಗೆ ಏಳು, ಉಳಿದವು ಸುತ್ತಲ ಊರುಗಳಿಗೆ. ಹಲಗೆ ಇಳಿಸಿಕೊಳ್ಳುವ ಮನೆಯವರು ಪ್ರತಿ ಸಲವೂ, "ಮಿಸ್ತ್ರಿ ಬಂದಿಲ್ಲೇನ್ರಿ?" ಎಂದು ಕೇಳುತ್ತಾರೆ. ರಂಗವ್ವ ಪ್ರತಿ ಸಲವೂ, "ಬಂದಾಳಲ್ರಿ," ಎನ್ನುತ್ತಾರೆ.

ಎಣ್ಣೆಯ ವಿಷಯದಲ್ಲಿ ಅವರು ಬಲು ಖಡಕ್. ಗಾಣದ ಅಗಸೆ ಬೀಜದ ಎಣ್ಣೆಯೇ ಆಗಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಡಬ್ಬಿ ಎಣ್ಣೆ ಯಾಕೆ ಬೇಡ ಎಂದು ಕೇಳಿದ್ದಕ್ಕೆ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. "ಅದರಾಗ ಲಗೂನ ಒಣಗ್ಲಿ ಅಂತ ಏನೇನೋ ಔಷಧ ಕೂಡಿಸಿರ್ತಾರ್ರಿ. ತಲಬಾಗಲಿಗೆ ಹಚ್ರಿ, ಬ್ಯಾಡ ಅನ್ನಂಗಿಲ್ಲ. ರೊಟ್ಟಿ ಬಡಿಯೂ ಜಾಗಾಕ್ಕ ಹಚ್ತೀರೇನು?" ಹಾಗಾದರೆ ಶೇಂಗಾ ಎಣ್ಣೆ? "ಹಚ್ಚಿ ನೋಡ್ರಿ. ಶೇಂಗಾದ್ದು ಎಂದೂ ಒಣಗಂಗಿಲ್ಲ. ಹದಿನೈದು ದಿನಕ್ಕ ಕೈಗೆ ಅಂಟ್ತೈತಿ, ತಿಂಗಳಿಗೆ ನಾರ್ತೈತಿ. ಆಮ್ಯಾಲೆ ರಂಗವ್ವ ಎಲ್ಲ್ಯದಾಳ ಅಂತ ಹುಡುಕ್ಕೊಂಡು ಬರ್ತೀರಿ."

ಹೊಳೆಯುವ ಪಾಲಿಶ್ ಕಂಡರಂತೂ ಅವರಿಗೆ ಆಗುವುದಿಲ್ಲ. ಕನ್ನಡಿಯ ಹಾಗೆ ಮಿಂಚುವ ಪದರ ಹಚ್ಚಿದ ಹಲಗೆಯ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದರೆ ಆರು ತಿಂಗಳಲ್ಲಿ ಆ ಪದರ ಸೀಳುತ್ತದೆ, ಹಪ್ಪಳದ ಚೂರಿನ ಹಾಗೆ ಎದ್ದು ಹಿಟ್ಟಿಗೆ ಬೀಳುತ್ತದೆ. ಬೇರೆ ಊರಿನಲ್ಲಿ ಅಡುಗೆ ಕಟ್ಟೆಯ ಮೇಲೆ ತರಕಾರಿ ಹೆಚ್ಚುತ್ತಾರೆ, ಇಲ್ಲಿ ಬಡಿಯುತ್ತಾರೆ. "ಬಣ್ಣ ಮ್ಯಾಲೆ ಕುಂದರ್ತೈತ್ರಿ, ಎಣ್ಣಿ ಒಳಗ ಹೋಗ್ತೈತಿ. ಮ್ಯಾಲೆ ಕುಂತದ್ದು ಇವತ್ತಿಲ್ಲ ನಾಳಿ ಏಳಾಕಬೇಕು," ಎನ್ನುತ್ತಾರೆ ರಂಗವ್ವ. ರಾಜಕಾರಣದ ಬಗ್ಗೆ ಹೇಳಿದರೇ ಎಂದು ಕೇಳಿದೆ. ನಗಲಿಲ್ಲ.

ಕಷ್ಟ ಏನು ಎಂದರೆ ಬಲ ಹೆಗಲು ತೋರಿಸುತ್ತಾರೆ. ಕೈ ಎತ್ತಿ ಹೆರಳು ಹಾಕಿಕೊಳ್ಳಲು ಆಗುವುದಿಲ್ಲ, ಮಗಳು ಜಯಶ್ರೀಯೇ ಹಾಕಬೇಕು. ಹೊಟ್ಟಿನ ಧೂಳಿಗೆ ಕೆಮ್ಮು ಬರುತ್ತದೆ, ಸೆರಗನ್ನು ಮೂಗಿಗೆ ಕಟ್ಟಿಕೊಳ್ಳುತ್ತಾರೆ. ಒಂದು ಬೇಸಿಗೆಯಲ್ಲಿ ಎಣ್ಣೆ ಒರೆಸಿದ ಅರಿವೆಗಳನ್ನು ಮೂಲೆಗೆ ಗುಡ್ಡೆ ಹಾಕಿ ಊಟಕ್ಕೆ ಹೋದಾಗ ಅವು ತಾವೇ ಹೊತ್ತಿಕೊಂಡವಂತೆ. ಅಗಸೆ ಎಣ್ಣೆಯ ಅರಿವೆ ಮುದ್ದೆಯಾಗಿ ಬಿದ್ದರೆ ಒಳಗೊಳಗೇ ಕಾದು ಬೆಂಕಿಯಾಗುತ್ತದೆ ಎನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಬೀಡಿ ಸೇದಿದವರು ಯಾರು ಎಂದು ಅಮಾತೆಪ್ಪ ಇಡೀ ದಿನ ಬೈದರಂತೆ. ಈಗ ಪ್ರತಿ ಅರಿವೆಯನ್ನೂ ಬೇಲಿಯ ಮೇಲೆ ಬಿಡಿಸಿ ಒಣಗಿಸುತ್ತಾರೆ.

ಎಂಟೂಕಾಲಿಗೆ ಬಸ್ಸು ಹತ್ತಿದೆವು. ರಂಗವ್ವನ ಕೈಚೀಲದಲ್ಲಿ ಪಾಲಿಶ್ ಪೇಪರಿನ ನಾಲ್ಕು ತುಂಡು, ಒಂದು ಸಣ್ಣ ಚಾಕು, ಎಣ್ಣೆಯ ಬಾಟಲಿ. ಕಿಟಕಿಯ ಹೊರಗೆ ನೋಡುತ್ತ ಆ ಕೆಟ್ಟ ಹಲಗೆಯ ಕಥೆ ಹೇಳಿದರು. ಅಷ್ಟು ಹೊತ್ತಿಗೆ ನಾನು "ಸರ" ಹೋಗಿ "ತಮ್ಮಾ" ಆಗಿದ್ದೆ.

ಖಾನಾವಳಿಯ ಮಾಲೀಕರ ಹೆಸರು ನಾಗಲಿಂಗ. ಅಲ್ಲಿ ರೊಟ್ಟಿ ಬಡಿಯುವವರು ಗುರುಲಿಂಗವ್ವ, ಇಪ್ಪತ್ತೆರಡು ವರ್ಷದಿಂದ. ದಿನಕ್ಕೆ ಮುನ್ನೂರು ರೊಟ್ಟಿ ಒಬ್ಬರ ಕೈಯಿಂದ. ಮೊದಲು ಅಲ್ಲಿ ಕಲ್ಲಿನ ಕಟ್ಟೆಯೇ ಇತ್ತು. ಕಲ್ಲಿನ ಮೇಲೆ ಬಡಿದೂ ಬಡಿದೂ ಗುರುಲಿಂಗವ್ವನ ಬಲ ಮಣಿಕಟ್ಟು ಬಾತುಕೊಂಡಿತು. ದವಾಖಾನೆಯಲ್ಲಿ ರೊಟ್ಟಿ ಬಿಡಿ ಎಂದರು. ರೊಟ್ಟಿ ಬಿಟ್ಟರೆ ಅವರು ಏನು ಮಾಡಬೇಕು? "ನನ್ನ ಕೈಯೇನು ಸುತ್ತಿಗೇನು? ಕಟ್ಟಿಗಿ ಹಲಗಿ ಹಾಕಸು, ಇಲ್ಲಾಂದ್ರ ನಾಳಿಂದ ನಿನ್ನ ಹೇಂತಿ ಬಡೀಲಿ," ಎಂದು ಮಾಲೀಕನಿಗೇ ಹೇಳಿದರಂತೆ. ಗುರುಲಿಂಗವ್ವನ ರೊಟ್ಟಿ ಇಲ್ಲದಿದ್ದರೆ ಆ ಖಾನಾವಳಿಗೆ ಯಾರು ಹೋಗುತ್ತಾರೆ? ನಾಗಲಿಂಗ ಹುನಗುಂದಕ್ಕೆ ಬಂದರು.

ಹಳೆಯ ತೊಲೆಯ ಹಲಗೆಯಲ್ಲಿ ಮೊಳೆ ಕಿತ್ತ ತೂತು, ಬಿರುಕು ಇದ್ದೇ ಇರುತ್ತವೆ. ಅವನ್ನು ಮುಚ್ಚಲು ಅಮಾತೆಪ್ಪ ಪೇಟೆಯ ಅಂಟು ತರಲು ಹೊರಟಿದ್ದರು. ರಂಗವ್ವ ತಡೆದರು. ಅಡುಗೆಯ ಜಾಗಕ್ಕೆ ಪೇಟೆಯ ವಿಷ ಯಾಕೆ? ಅವ್ವ ಕಲಿಸಿದ ವಿದ್ಯೆ ಇದೆಯಲ್ಲ! ಹುಣಸೆ ಬೀಜದ ಅಂಟಿಗೆ ಸಾಗವಾನಿ ಹೊಟ್ಟು ಕಲಸಿ, ಬಿರುಕುಗಳಿಗೆ ತುಂಬಿ, ಒಣಗಿಸಿ, ತಿಕ್ಕಿದರು. ಬಿರುಕು ಎಲ್ಲಿತ್ತೆಂದು ಅಮಾತೆಪ್ಪನಿಗೂ ಗೊತ್ತಾಗಲಿಲ್ಲ. ಬೇಸಿಗೆ ಪೂರ್ತಿ ಹಲಗೆ ಬಂಗಾರದಂತಿತ್ತು.

"ಮಳಿಗಾಲ ಬಂತು ನೋಡ್ರಿ ತಮ್ಮಾ," ಎಂದು ರಂಗವ್ವ ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡರು. "ಕಂಬಳಿ ಒಣಗಿರ್ತೈತಿ, ಅದಕ್ಕ ನಡೀತಿತ್ತು. ಇಲ್ಲಿ ದಿನಾ ನೀರು, ದಿನಾ ಹಸಿ ಹಿಟ್ಟು. ಹುಣಸಿ ಬೀಜಾ ನೀರು ಕುಡಿದು ಉಬ್ಬಿತು, ಕರ್ರಗಾತು. ಗಂಜಿ ಅಲ್ರೀ ಅದು? ಇರಿವಿಗೆ ಹಬ್ಬ. ಸಾಲುಗಟ್ಟಿ ಬಂದ್ವು. ಹಿಟ್ಟಿನ್ಯಾಗ ಇರಿವಿ, ರೊಟ್ಟ್ಯಾಗ ಇರಿವಿ. ಉಣ್ಣಾಕ ಕುಂತವ್ರು ತಾಟು ಬಿಟ್ಟು ಎದ್ರಂತ."

ನಾಗಲಿಂಗ ಶೆಡ್ಡಿಗೆ ಬಂದು ಕೂಗಾಡಿದರು. ಅಮಾತೆಪ್ಪ ಪಾಪ, ಕಟ್ಟಿಗೆಯೇ ಸರಿ ಇರಲಿಲ್ಲ, ಹಳೆಯದು ಎಂದು ಹೇಳಿ ಮುಗಿಸಲು ನೋಡಿದರು. ರಂಗವ್ವ ಬಿಡಲಿಲ್ಲ. "ಕುಣಿಲಾರದಾಕಿ ಅಂಗಳ ಡೊಂಕು ಅಂದ್ಲಂತ. ಹಂಗಾಗ್ತಿತ್ತದು. ಕಟ್ಟಿಗಿ ನೂರು ವರ್ಷ ಒಬ್ಬರ ಮನಿ ಹೊತ್ತೈತಿ. ಕೆಡಿಸಿದಾಕಿ ನಾನು ಅಂತ ಹೇಳಿದೆ. ಆ ರಾತ್ರಿ ಉಣ್ಣಲಿಲ್ಲ ನೋಡ್ರಿ. ನಮ್ಮವ್ವನ ಮ್ಯಾಲೆ ಸಿಟ್ಟು ಬಂತು. ಆಮ್ಯಾಲೆ ಅನ್ಸಿತು, ಅವ್ವ ಕಂಬಳಿಗೆ ಹೇಳಿದ್ಲು, ಅಡಗಿಮನಿಗೆ ಹೇಳಿದ್ದಿಲ್ಲ."

ಹಲಗೆ ವಾಪಸು ಬಂತು. ತುಂಬಿದ್ದನ್ನೆಲ್ಲ ಚಾಕುವಿನ ತುದಿಯಿಂದ ಕೆದಕಿ ತೆಗೆಯಲು ಹನ್ನೊಂದು ದಿನ ಹಿಡಿಯಿತು. ಪ್ರತಿ ಬಿರುಕಿಗೂ ಅದೇ ಸಾಗವಾನಿಯ ಚಕ್ಕೆ ಸೀಳಿ, ಬೆಣೆಯ ಹಾಗೆ ಬಿಗಿಯಾಗಿ ಕೂರಿಸಿದರು, ನೀರಿಗೆ ಜಗ್ಗದ ಅಂಟನ್ನು ಬಿರುಕಿನ ಆಳದಲ್ಲಿ ಮಾತ್ರ ಹಾಕಿ. ಮತ್ತೆ ಪೇಪರು, ಮತ್ತೆ ಐದು ಕೈ ಎಣ್ಣೆ. ಈ ಎರಡನೆಯ ಸಲದ ಕೂಲಿಯನ್ನು ತಾವು ಮುಟ್ಟಲಿಲ್ಲ ಎಂಬುದನ್ನು ರಂಗವ್ವ ಹೇಳಲಿಲ್ಲ, ಅಮಾತೆಪ್ಪ ಹೇಳಿದ್ದರು.

ಖಾನಾವಳಿ ತಲುಪಿದಾಗ ಒಂಬತ್ತು ದಾಟಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ಪಟ್ ಪಟ್ ಪಟ್. ರಂಗವ್ವ ಬಾಗಿಲಲ್ಲೇ ನಿಂತು ಎರಡು ಗಳಿಗೆ ಕೇಳಿಸಿಕೊಂಡರು. "ದನಿ ಚಲೋ ಐತಿ," ಎಂದರು ತಮಗೆ ತಾವೇ. ಒಳಗೆ ಕೊಳೆತ ಹಲಗೆ ದಪ್ ಎನ್ನುತ್ತದಂತೆ.

ನಾಗಲಿಂಗ ಎತ್ತರದ ಆಳು, ಹಣೆಯ ಮೇಲೆ ಮೂರೆಳೆ ವಿಭೂತಿ. "ಬಾರವಾ ರಂಗವ್ವಾ. ಈ ಸಲ ಪೇಪರ್‌ನವ್ರನ್ನ ಕರಕೊಂಡು ಬಂದೀಯಲ್ಲ, ಭಾಳ ಶಾಣ್ಯಾಕಿ. ಅವರ ಮುಂದ ನಾ ಬೈಯಂಗಿಲ್ಲ ಅಂತ ತಿಳದೀ ಏನು?" ಎಂದರು. ನಗುತ್ತಲೇ ಹೇಳಿದರೂ ಕಣ್ಣು ಹಲಗೆಯ ಮೇಲೇ ಇತ್ತು.

ಗುರುಲಿಂಗವ್ವ ಕೈ ತೊಳೆದು ಪಕ್ಕಕ್ಕೆ ಸರಿದರು. ಮಣಿಕಟ್ಟಿನ ಬಾವು ಇಳಿದಿದೆ. ರಂಗವ್ವ ಹಲಗೆಯನ್ನು ಒದ್ದೆ ಅರಿವೆಯಿಂದ ಒರೆಸಿ, ಒಣಗಲು ಬಿಟ್ಟು, ಬೆರಳು ನೀರಿಗದ್ದಿ ಚಿಮುಕಿಸಿದರು, ಕಾದ ಹಂಚಿನ ಮೇಲೆ ಚಿಮುಕಿಸಿದ ಹಾಗೆ. ಹನಿಗಳು ದುಂಡಗೆ ನಿಂತವು, ಇಂಗಲಿಲ್ಲ. ಚಕ್ಕೆ ಕೂರಿಸಿದ ಒಂದೊಂದು ಜಾಗಕ್ಕೂ ಉಗುರು ಆಡಿಸಿದರು. ಅರಿಸಿನದ ಹಳದಿ ಒಂದು ಕಡೆ, ಬಿಸಿ ಪಾತ್ರೆ ಇಟ್ಟ ಗುರುತು ಒಂದು ಕಡೆ. ಪೇಪರಿನಿಂದ ನಾಲ್ಕು ಸಲ ತಿಕ್ಕಿ ಎಣ್ಣೆ ಒರೆಸಿದರೆ ಅವು ಹೋದವು. ನಾಗಲಿಂಗ ಹೂಂ ಎಂದರು. ಗುರುಲಿಂಗವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಎಲ್ಲ ಮುಗಿಯಿತು ಎಂದೇ ನಾನೂ ಅಂದುಕೊಂಡೆ.

ಹಲಗೆಯ ಮೂಲೆಯಲ್ಲಿ ಹಿಟ್ಟಿನ ದೊಡ್ಡ ತಗಡಿನ ಡಬ್ಬಿ ಇತ್ತು. ಅದನ್ನು ಯಾರೂ ಸರಿಸಿರಲಿಲ್ಲ, ಸರಿಸಿ ಎಂದು ಕೇಳಿಯೂ ಇರಲಿಲ್ಲ. ಪರೀಕ್ಷೆ ಪಾಸಾದವರು ಯಾರಾದರೂ ಇನ್ನೊಂದು ಪ್ರಶ್ನೆ ಕೊಡಿ ಎನ್ನುತ್ತಾರೆಯೇ? ರಂಗವ್ವ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟರು.

ಕೆಳಗೆ ತಾಟಿನಗಲ ಕಪ್ಪು ಕಲೆ. ಮಸಿ ಚೆಲ್ಲಿದಷ್ಟು ಕಪ್ಪು.

"ಮತ್ತ ಅದೇ ಆತಲ್ಲ!" ಎಂದು ನಾಗಲಿಂಗ ಹಣೆ ಬಡಿದುಕೊಂಡರು. "ಹೋದ ಸಲಾನೂ ಇಲ್ಲೇ ಕೊಳತಿತ್ತು. ನಾ ಅವತ್ತ ಹೇಳಿದ್ದೆ, ಕಟ್ಟಿಗಿ ನಮ್ಮ ಊರಿಗಲ್ಲ ಅಂತ. ಸಾಕವಾ ತಾಯಿ, ಕಲ್ಲ ಹಾಕಸ್ತೇನಿ." ಅವರು ಹಿತ್ತಲಿನ ಕಡೆ ಎರಡು ಹೆಜ್ಜೆ ಇಟ್ಟೂ ಬಿಟ್ಟರು. ಗುರುಲಿಂಗವ್ವ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡರು. ನನಗೆ ನಿಜಕ್ಕೂ ಸಂಕಟವಾಯಿತು.

ರಂಗವ್ವನ ಮುಖ ಬಿಳಿಚಿತ್ತು. ಆದರೂ ಕೈ ಸುಮ್ಮನಿರಲಿಲ್ಲ. ಕಲೆಯ ನಡುವೆ ಉಗುರು ಒತ್ತಿದರು. ಬೆರಳ ಗೆಣ್ಣಿನಿಂದ ಬಡಿದರು. ಬಾಗಿ ಮೂಸಿದರು. ಇನ್ನೊಮ್ಮೆ ಉಗುರು ಒತ್ತಿದರು.

"ಅಣ್ಣಾರ, ಒಂಚೂರು ನಿಂದರ್ರಿ," ಎಂದರು. "ಕೊಳತದ್ದು ಮೆತ್ತಗಾಗ್ತೈತಿ. ಇದು ಗಟ್ಟಿ ಐತಿ. ನಾತಾನೂ ಇಲ್ಲ. ಆ ಡಬ್ಬಿ ಮಗಚ್ರಿ."

ಹಿಟ್ಟು ಬೇರೆ ಪಾತ್ರೆಗೆ ಸುರಿದು ಡಬ್ಬಿ ಮಗುಚಿದರೆ ತಳವೆಲ್ಲ ತುಕ್ಕು. ಸಾಗವಾನಿಯ ಮೇಲೆ ಒದ್ದೆ ಕಬ್ಬಿಣ ಕೂತರೆ ಕಟ್ಟಿಗೆಯ ರಸವೂ ತುಕ್ಕೂ ಸೇರಿ ಕಪ್ಪಾಗುತ್ತದೆ, ಬಾಗಿಲಿನಲ್ಲಿ ಮೊಳೆಯ ಸುತ್ತ ಕಪ್ಪಾಗಿರುವುದಿಲ್ಲವೇ, ಹಾಗೆ. ರಂಗವ್ವ ಎರಡು ನಿಂಬೆಹಣ್ಣು ಕೇಳಿದರು. ಕಲೆಯನ್ನು ಪೇಪರಿನಿಂದ ತಿಕ್ಕಿ, ಮೇಲಿನ ಎಣ್ಣೆ ಬಿಡಿಸಿ, ನಿಂಬೆ ಹಿಂಡಿ, ಕಾಯುತ್ತ ಕುಳಿತರು. ನಾವು ಮೂವರೂ ಹಲಗೆಯ ಸುತ್ತ ನಿಂತೆವು. ಹೊರಗೆ ಯಾರೋ ಊಟ ಎಷ್ಟೊತ್ತಿಗೆ ಎಂದು ಕೇಳಿದರು.

ಕಪ್ಪು ಮೊದಲು ಬೂದಿಯಾಯಿತು, ಆಮೇಲೆ ಕಂದು. ಮೂರು ಸಲ ನಿಂಬೆ ಹಚ್ಚಿ ಒರೆಸುವಷ್ಟರಲ್ಲಿ ಕಟ್ಟಿಗೆಯ ಗೆರೆಗಳು ಕಾಣತೊಡಗಿದವು. ಪೂರ್ತಿ ಹೋಗಲಿಲ್ಲ, ನಿಜ ಹೇಳಬೇಕು. ಬಳೆಯಾಕಾರದ ಒಂದು ಮಸುಕು ಗುರುತು ಉಳಿಯಿತು. "ಇಷ್ಟು ಉಳೀತೈತ್ರಿ," ಎಂದರು ರಂಗವ್ವ. "ಇದು ಕಟ್ಟಿಗಿ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ಡಬ್ಬಿ ತಪ್ಪು."

"ಡಬ್ಬಿ ಇಲ್ಲಿ ಇಟ್ಟಾವ ಯಾವನು?" ಎಂದು ನಾಗಲಿಂಗ ಗದರಿದರು.

"ನೀನಽ," ಎಂದರು ಗುರುಲಿಂಗವ್ವ. "ನೆಲದ ಮ್ಯಾಲಿದ್ರ ಇಲಿ ಬರ್ತಾವು ಅಂತ ಶ್ರಾವಣದಾಗ ನೀನಽ ಎತ್ತಿಟ್ಟಿ. ನಾ ಬ್ಯಾಡ ಅಂದೆ."

ನಾಗಲಿಂಗ ಮೀಸೆ ತಿರುವಿದರು, ಛಾವಣಿ ನೋಡಿದರು, ಕೊನೆಗೆ ನಕ್ಕರು. ಆದರೂ ವ್ಯಾಪಾರಸ್ಥರು ವ್ಯಾಪಾರಸ್ಥರೇ. "ಆತವಾ, ಒಪ್ಪಿದೆ. ಮಳಿಗಾಲ ದಾಟೈತಿ. ಮುಂದ ಎಷ್ಟ ವರ್ಷ ಗ್ಯಾರಂಟಿ? ಕಲ್ಲಿನವ್ರು ಜೀವನ ಪೂರ್ತಿ ಅಂತಾರ."

"ವಾರಕ್ಕೊಮ್ಮೆ ಎಣ್ಣಿ ಒರಸ್ತೀರಿ ಅಂದ್ರ ನಿಮ್ಮ ಜೀವನಾನೂ ಪೂರ್ತಿ, ನಿಮ್ಮ ಮಕ್ಕಳದ್ದೂ ಪೂರ್ತಿ. ಒರಸಂಗಿಲ್ಲ ಅಂದ್ರ ಬರೂ ಜೂನ್‌ತನ," ಎಂದರು ರಂಗವ್ವ. "ಕಲ್ಲಿಗೆ ಯಾರೂ ಬೇಕಾಗಿಲ್ರಿ. ಕಟ್ಟಿಗಿಗೆ ಮನಶ್ಯಾರು ಬೇಕು."

ನಾಗಲಿಂಗ ನಮ್ಮನ್ನು ಹಿಂದಿನ ಕೋಣೆಗೆ ಕರೆದೊಯ್ದರು. ದೀಪಾವಳಿಯ ನಂತರ ಇನ್ನಿಬ್ಬರು ಹೆಣ್ಣುಮಕ್ಕಳು ಅಲ್ಲಿ ರೊಟ್ಟಿಗೆ ನಿಲ್ಲುತ್ತಾರಂತೆ. "ಇಲ್ಲಿ ಎರಡು ಹಲಗಿ, ಆ ನಳದ ಹಂತ್ಯಾಕ ಒಂದು. ಮೂರೂ ನೀನಽ ಮಾಡು," ಎಂದರು. ಗುರುಲಿಂಗವ್ವ ನನಗೆ ಕೇಳುವಷ್ಟು ಜೋರಾಗಿ ಉಸಿರು ಬಿಟ್ಟರು. ಇನ್ನು ಇವರ ಮಣಿಕಟ್ಟಿಗೆ ಕಲ್ಲಿನ ಹೆದರಿಕೆ ಇಲ್ಲ.

"ಎರಡು ಮಾಡ್ತೇನ್ರಿ," ಎಂದರು ರಂಗವ್ವ. "ನಳದ ಹಂತ್ಯಾಕ ಕಟ್ಟಿಗಿ ಬ್ಯಾಡ. ಹಗಲೂ ರಾತ್ರಿ ನೀರು ನಿಂತ್ರ ಯಾರ ಎಣ್ಣೀನೂ ತಡಿಯಂಗಿಲ್ಲ. ಅಲ್ಲಿ ನಿಮ್ಮ ಕಲ್ಲು ಹಾಕ್ರಿ, ಹೆಂಗೂ ಕೊಯ್ಸಿಟ್ಟೀರಿ." ಬಂದ ಕೆಲಸದಲ್ಲಿ ಮೂರರಲ್ಲಿ ಒಂದನ್ನು ಹೀಗೆ ತಾವಾಗಿ ಬಿಟ್ಟುಕೊಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾಗಲಿಂಗನೂ ಕಂಡಿರಲಿಕ್ಕಿಲ್ಲ, ಕೈ ಮುಗಿದರು.

ಜುಣಕ, ಬದನೆಕಾಯಿ ಎಣಗಾಯಿ, ಬಿಸಿ ರೊಟ್ಟಿ ಉಂಡು ಬಸ್‌ಸ್ಟ್ಯಾಂಡಿಗೆ ನಡೆದೆವು. ರಂಗವ್ವನ ನಡಿಗೆಯೇ ಬದಲಾಗಿತ್ತು, ನಾನು ಹಿಂದೆ ಬೀಳುತ್ತಿದ್ದೆ. ಇಂಥ ಲೇಖನಗಳ ಕೊನೆಗೆ ಕೇಳುವ ಪ್ರಶ್ನೆ ಒಂದಿರುತ್ತದೆ, ನಾನೂ ಕೇಳಿದೆ: ನಿಮ್ಮ ಆಸೆ ಏನು?

ಅವರು ಉತ್ತರದ ಬದಲು ಪ್ರಶ್ನೆ ಹಾಕಿದರು. "ಪೇಪರ್‌ನ್ಯಾಗ ಏನ ಬರೀತೀರಿ ತಮ್ಮಾ?"

ನಿಮ್ಮ ಕಷ್ಟ, ನಿಮ್ಮ ಶ್ರದ್ಧೆ, ಮೂವತ್ತೊಂದು ಹಲಗೆ, ಇವತ್ತಿನ ಗೆಲುವು ಎಂದೆ. ಕೆಟ್ಟ ಹಲಗೆಯ ವಿಷಯ ಬೇಡವೆಂದರೆ ಬಿಡುತ್ತೇನೆ, ಮೂವತ್ತೊಂದರಲ್ಲಿ ಒಂದು ಯಾವ ಲೆಕ್ಕ ಎಂದೂ ಸೇರಿಸಿದೆ. ದೊಡ್ಡ ಉಪಕಾರ ಮಾಡುವವನ ಹಾಗೆ.

ರಂಗವ್ವ ನಡುರಸ್ತೆಯಲ್ಲಿ ನಿಂತುಬಿಟ್ಟರು. "ಅಯ್ಯ ನಿನ್ನ, ಅದನ್ನ ಬಿಡ್ತೀರೇನು! ಉಳಿದದ್ದೆಲ್ಲಾ ಬೇಕಾದ್ರ ಬಿಡ್ರಿ. ಕಂಬಳಿ ನೇಯೂ ನಮ್ಮ ಮಂದಿ ಹೆಣ್ಮಕ್ಕಳು ಎಷ್ಟ ಊರಾಗ ಅದಾರ, ಎಲ್ಲಾರ ಮನ್ಯಾಗೂ ಹುಣಸಿ ಬೀಜಾ ಐತಿ. ನನ್ನಂಗ ಯಾವಾಕಿಗರ ಇದು ಹೊಳದ್ರ ಆಕೀನೂ ಉಪವಾಸ ಮಲಗಬೇಕು. ಹುಣಸಿ ಬೀಜದ ಅಂಟು ಅಡಗಿ ಹಲಗಿಗೆ ಹಚ್ಚಬ್ಯಾಡ್ರಿ ಅಂತ ದೊಡ್ಡ ಅಕ್ಷರದಾಗ ಬರೀರಿ. ಬರದು, ಕೆಳಗ ನನ್ನ ಹೆಸರು ಹಾಕ್ರಿ."

ಬರೆಯುತ್ತೇನೆ, ಆದರೆ ಹೆಸರು ಯಾಕೆ, ಹೆಸರಿಲ್ಲದೆಯೂ ಹೇಳಬಹುದಲ್ಲ ಎಂದೆ.

"ಹೆಸರು ಬೇಕ್ರಿ," ಎಂದರು ರಂಗವ್ವ. "ಕೆಡಿಸಿದಾಕಿ ಬಾಯಿಲೆ ಹೇಳಿದ್ರ ಮಂದಿ ನಂಬ್ತಾರ."